ಮಳೆಪುಸ್ತಕ ಮತ್ತು ಸಮುದ್ರದ ಒಂಟಿ ಯಂತ್ರಗಳು

ಮಲೆನಾಡಿನಲ್ಲಿ ಹುಟ್ಟಿದವರು ಅರ್ಥ ತಿಳಿಯುವ ಮೊದಲೇ ಬಾಯಿಪಾಠ ಮಾಡಿಕೊಳ್ಳುವ ಕೆಲವು ಮಾತುಗಳಿವೆ. 'ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ' ಅವುಗಳಲ್ಲಿ ಒಂದು. ಭದ್ರಾವತಿ ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ ಬರುವ ಹೊತ್ತಿಗೆ ಲೈನ್ ಮನೆಗಳ ಒಲೆಯ ಮುಂದೆ ಎಲ್ಲರೂ ಸುಮ್ಮನಾಗುತ್ತಿದ್ದರು. ಆ ಮಾತು ಕೇಳಿಬಂದರೆ ಮಾರನೆಯ ದಿನ ಸೌದೆ ಒಳಗೆ ಬರುತ್ತಿತ್ತು, ಕಂಬಳಿ ಒಲೆಯ ಮೇಲಿನ ಅಟ್ಟಕ್ಕೆ ಏರುತ್ತಿತ್ತು, ಹಳ್ಳದಾಚೆಯ ಶಾಲೆಗೆ ಹೋಗುವ ಮಕ್ಕಳಿಗೆ ಅನಧಿಕೃತ ರಜೆ ಸಿಗುತ್ತಿತ್ತು. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ, ಅಲ್ಲಿಂದ ಕಳಸಕ್ಕೆ ಹಬ್ಬಿರುವ ಕಾಫಿ ಗುಡ್ಡಗಳಲ್ಲಿ ಜುಲೈ ತಿಂಗಳೆಂದರೆ ಹೀಗೆ.

ನಮ್ಮ ತಂದೆಯವರು ಒಂದು ತೋಟದಲ್ಲಿ ರೈಟರಾಗಿದ್ದರು. ಅವರ ಕೆಲಸಗಳಲ್ಲಿ ಹಾಜರಿ ಹಿಡಿಯುವುದು, ಬಟವಾಡೆ ಬರೆಯುವುದರ ಜೊತೆಗೆ ಬಂಗಲೆಯ ಅಂಗಳದಲ್ಲಿದ್ದ ಮಳೆಮಾಪಕದ ನೀರನ್ನು ಬೆಳಿಗ್ಗೆ ಗಾಜಿನ ಅಳತೆಗೆ ಸುರಿದು ನೋಡುವುದೂ ಸೇರಿತ್ತು. ಇಂಚು ಮತ್ತು ಸೆಂಟಿನ ಲೆಕ್ಕ. ದೇಶ ಮಿಲಿಮೀಟರಿಗೆ ಬಂದು ಎಷ್ಟೋ ವರ್ಷಗಳಾದರೂ ಕಾಫಿ ಸೀಮೆಯ ಮಳೆ ಇವತ್ತಿಗೂ ಇಂಚಿನಲ್ಲೇ ಬೀಳುತ್ತದೆ. 'ರಾತ್ರಿ ನಿಮ್ಮಲ್ಲೆಷ್ಟು?' ಎಂದು ಕೇಳಿದರೆ 'ನಾಲ್ಕು ಇಂಚು ಇಪ್ಪತ್ತು ಸೆಂಟು' ಎಂಬ ಉತ್ತರ ಬರಬೇಕು. ಆ ಲೆಕ್ಕ ಉದ್ದನೆಯ ಒಂದು ಪುಸ್ತಕಕ್ಕೆ ಹೋಗುತ್ತಿತ್ತು. ತಂದೆಯವರು ಅದನ್ನು ಮಳೆಪುಸ್ತಕ ಎನ್ನುತ್ತಿದ್ದರು. ತೇವ ತಗುಲಿ ಶಾಯಿ ಹರಡಿದ ಆ ಪುಟಗಳೇ ನಾವು ನೋಡಿದ ಮೊದಲ ಚರಿತ್ರೆಯ ಪುಸ್ತಕ ಎಂದರೆ ತಪ್ಪಾಗಲಾರದು.

ನಮಗೊಂದು ಗೊಂದಲವಿತ್ತು. ಮಳೆ ಬರುವುದು ಪಡುವಣದಿಂದ. ಚಾರ್ಮಾಡಿ ಘಾಟಿಯ ಕೊರಕಲುಗಳಿಂದ ಹೊಗೆಯಂತೆ ಮೇಲೇಳುವ ಮೋಡವನ್ನು ಕಣ್ಣಾರೆ ಕಾಣುತ್ತಿದ್ದೆವು. ಘಾಟಿಯ ಕೆಳಗೆ ಉಜಿರೆ, ಅದರಾಚೆ ಮಂಗಳೂರು, ಅದರಾಚೆ ಅರಬ್ಬಿ ಸಮುದ್ರ. ಹಾಗಿದ್ದಮೇಲೆ ಬೆನ್ನ ಹಿಂದಿರುವ ಬಂಗಾಳಕ್ಕೂ ನಮಗೂ ಏನು ಸಂಬಂಧ? ಉರ್ದು ಶಾಲೆಯಲ್ಲಿ ನಾವು ಎರಡು ಸಮುದ್ರಗಳ ಹೆಸರನ್ನೂ ಬರೆದು ಕಲಿತಿದ್ದೆವು: ಬಹೀರ-ಎ-ಅರಬ್, ಖಲೀಜ್-ಎ-ಬಂಗಾಲ್. ಪ್ರಶ್ನೆ ಕೇಳಿದ್ದಕ್ಕೆ ಮಾಸ್ತರರು, 'ಅಲ್ಲಿ ಯಾರೋ ಹೀರಿದರೆ ಇಲ್ಲಿಂದ ಗಾಳಿ ಓಡುತ್ತದೆ' ಎಂದರು. ಆ ಉತ್ತರ ತೀರಾ ತಪ್ಪಲ್ಲ ಎಂದು ತಿಳಿಯಲು ನಮಗೆ ಮೂವತ್ತು ವರ್ಷ ಬೇಕಾಯಿತು. ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ಕಡಿಮೆ ಒತ್ತಡದ ಸುಳಿ ಎದ್ದು ಒಡಿಶಾದ ಕಡೆಯಿಂದ ಒಳನಾಡಿಗೆ ಸಾಗುವಾಗ, ಅರಬ್ಬಿ ಸಮುದ್ರದ ಪಡುವಣ ಗಾಳಿ ಬಲಗೊಳ್ಳುತ್ತದೆ. ಆ ಗಾಳಿ ಎದುರಿಸಬೇಕಾದ ಮೊದಲ ಗೋಡೆ ನಮ್ಮ ಘಟ್ಟ. ಮೂಡಣದ ಸಮುದ್ರ ಉಸಿರೆಳೆದುಕೊಂಡಾಗ ಪಡುವಣದ ಸಮುದ್ರದ ತೇವ ಕುದುರೆಮುಖದ ಮೇಲೆ ಸುರಿಯುತ್ತದೆ.

ಈ ಸಮುದ್ರಗಳ ಉಸಿರನ್ನು ಅಳೆಯಲು ಮನುಷ್ಯ ಮಾಡಿದ ಪ್ರಯತ್ನಗಳ ಕತೆ ದೊಡ್ಡದು. ಅದರ ಇತ್ತೀಚಿನ ಅಧ್ಯಾಯದಲ್ಲಿ ಮನುಷ್ಯನೇ ಇಲ್ಲ. ಯಂತ್ರಗಳು ಒಂಟಿಯಾಗಿ ಸಮುದ್ರಕ್ಕೆ ಹೋಗುತ್ತವೆ, ಮುಳುಗುತ್ತವೆ, ಏಳುತ್ತವೆ, ಕಂಡದ್ದನ್ನು ಹೇಳುತ್ತವೆ. ಧ್ರುವದ ಹಿಮಸಾಗರದಲ್ಲಿ ಇಂಥವು ಅಲೆದಾಡಿವೆ. ನಮ್ಮ ಬಂಗಾಳ ಕೊಲ್ಲಿಯಲ್ಲೂ ಈಜಿವೆ. ಕಾಫಿ ಗುಡ್ಡದ ಮೇಲೆ ಕೂತು ಈ ಕತೆಯನ್ನು ಯಾಕೆ ಹೇಳಬೇಕು ಎಂದು ಓದುಗರು ಕೇಳಬಹುದು. ನಮ್ಮ ಗುಡ್ಡಗಳ ಕಾಫಿಯೇ ಸಮುದ್ರದ ಗಾಳಿ ತಂದುಕೊಟ್ಟದ್ದು ಎಂಬಲ್ಲಿಂದಲೇ ಶುರು ಮಾಡೋಣ.

ಹಜ್ ಮುಗಿಸಿ ಬರುವಾಗ ಬಾಬಾಬುಡನ್ ಯಮನಿನ ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣದ ಬೆಟ್ಟದಲ್ಲಿ ಬಿತ್ತಿದರು ಎಂಬ ಐತಿಹ್ಯ ಎಲ್ಲರಿಗೂ ಗೊತ್ತಿದೆ. 17ನೇ ಶತಮಾನದ ಮಾತು ಅದು. ಬೀಜವನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದರು ಎಂಬುದರ ಬಗ್ಗೆ ನಮ್ಮಲ್ಲಿ ಹತ್ತಾರು ರಸವತ್ತಾದ ಕತೆಗಳಿವೆ. ಆದರೆ ಅವರು ಬಂದ ಹಡಗು ಯಾವ ತಿಂಗಳು ಹೊರಟಿತು ಎಂದು ಯಾರೂ ಕೇಳುವುದಿಲ್ಲ. ಆ ಕಾಲದಲ್ಲಿ ಕೆಂಪು ಸಮುದ್ರದಿಂದ ಮಲಬಾರಿಗೆ ಬೇಕಾದಾಗ ಬರುವಂತಿರಲಿಲ್ಲ. ಗಾಳಿಗೆ ಗೊತ್ತಾದ ಕಾಲವಿತ್ತು. ಅರಬರು ಅದನ್ನು 'ಮೌಸಿಮ್' ಎಂದರು. ಅಂದರೆ ಋತು, ಗೊತ್ತಾದ ಸಮಯ. ಪೋರ್ಚುಗೀಸರ ಬಾಯಲ್ಲಿ ಹಾದು ಅದು ಮಾನ್ಸೂನ್ ಆಯಿತು. ಉರ್ದುವಿನಲ್ಲಿ ಮೌಸಮ್ ಆಗಿ ನಮ್ಮ ಮನೆಯೊಳಗೇ ಉಳಿಯಿತು. 15ನೇ ಶತಮಾನದ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಯಾವ ಬಂದರಿನಿಂದ ಯಾವಾಗ ಹಾಯಿ ಬಿಚ್ಚಬೇಕೆಂಬುದನ್ನು ನವರೋಜಿನಿಂದ ದಿನಗಳನ್ನು ಎಣಿಸಿ ಬರೆದಿಟ್ಟಿದ್ದಾನೆ. ಮಳೆಗಾಲದ ನಡುವಿನ ಅವಧಿಯನ್ನು ಅರಬ್ ನಾವಿಕರು ಸಮುದ್ರಕ್ಕೆ ಬೀಗ ಹಾಕಿದ ಕಾಲ ಎಂದೇ ಎಣಿಸುತ್ತಿದ್ದರು.

ಹೀಗೆ ಸಮುದ್ರ ಮತ್ತು ಗಾಳಿಯ ವ್ಯವಹಾರವನ್ನು ಮೊದಲು ಅಳೆದದ್ದು ನಾವಿಕರ ಮೈ. ಅಂಗೈ, ಕಣ್ಣು, ನೆನಪು ಇವೇ ಉಪಕರಣ. 1686ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ ವಾಣಿಜ್ಯ ಮಾರುತ ಮತ್ತು ಮಾನ್ಸೂನುಗಳ ನಕ್ಷೆ ಬರೆದದ್ದೂ ಇಂಥ ನಾವಿಕರು ಹೇಳಿದ್ದನ್ನು ಕೂಡಿಸಿಯೇ. 1853ರಲ್ಲಿ ಬ್ರಸೆಲ್ಸಿನಲ್ಲಿ ಸೇರಿದ ಸಮ್ಮೇಳನವು ಎಲ್ಲ ದೇಶದ ಹಡಗುಗಳೂ ಒಂದೇ ಬಗೆಯ ದಿನಚರಿ ಪುಸ್ತಕ ಇಡಬೇಕೆಂದು ಗೊತ್ತುಮಾಡಿತು. ಅದರ ಹಿಂದಿದ್ದವನು ಅಮೆರಿಕದ ಮ್ಯಾಥ್ಯೂ ಮೌರಿ. ಹಗ್ಗ ಕಟ್ಟಿದ ಬಕೆಟ್ಟನ್ನು ಸಮುದ್ರಕ್ಕೆ ಎಸೆದು ನೀರೆತ್ತಿ ಉಷ್ಣಮಾಪಕ ಅದ್ದುವುದು, ಬರೆಯುವುದು. ನಮ್ಮ ತಂದೆಯವರ ಗಾಜಿನ ಅಳತೆಗೂ ಆ ಬಕೆಟ್ಟಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಭಾರತದಲ್ಲಿ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನರನ್ನು ನುಂಗಿದ ಧಾತು ಈಶ್ವರದ ಬರ ಆರಂಭವಾಯಿತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮವನ್ನು ನೋಡಿ 1886ರಲ್ಲಿ ಮಾನ್ಸೂನ್ ಮುನ್ಸೂಚನೆ ಕೊಡಲು ತೊಡಗಿದ. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಗಣಿತಜ್ಞ. ಅವನು ಲೋಕದ ಮೂಲೆಮೂಲೆಯ ಒತ್ತಡದ ಅಂಕಿಗಳನ್ನು ಗುಮಾಸ್ತರಿಂದ ಗುಣಿಸಿ ಭಾಗಿಸಿ, ಪೆಸಿಫಿಕ್ ಸಾಗರದ ಏರಿಳಿತಕ್ಕೂ ನಮ್ಮ ಮಳೆಗೂ ನಂಟಿದೆ ಎಂದು ಕಂಡ. ಆ ಅಂಕಿಗಳಲ್ಲಿ ಹೆಚ್ಚಿನವು ನೆಲದ ಮೇಲಿನವು. ಸಮುದ್ರದ ನಡುವೆ ಏನಾಗುತ್ತದೆಂದು ಹೇಳಲು ಅಲ್ಲಿ ಯಾರೂ ಕೂತಿರಲಿಲ್ಲ.

ಇಲ್ಲೊಂದು ಚಿಕ್ಕ ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಮ್ಮ ಕಾಫಿ ಹಾಯಿಹಡಗಿನಲ್ಲಿ ಯುರೋಪಿಗೆ ಹೋಗುತ್ತಿದ್ದಾಗ ತಿಂಗಳುಗಟ್ಟಲೆ ಸಮುದ್ರದ ತೇವದ ಗಾಳಿ ಕುಡಿದು ಬೀಜ ಉಬ್ಬಿ ಹಳದಿಯಾಗುತ್ತಿತ್ತು. ಅಲ್ಲಿನವರ ನಾಲಗೆ ಅದಕ್ಕೇ ಒಗ್ಗಿತು. ಉಗಿಹಡಗು ಬಂದು, 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಚಿಕ್ಕದಾದ ಮೇಲೆ ಬೀಜ ಹಸಿರಾಗಿಯೇ ತಲುಪತೊಡಗಿತು. ಗಿರಾಕಿಗಳಿಗೆ ಹಳೆಯ ರುಚಿಯೇ ಬೇಕು. ಆಗ ಕರಾವಳಿಯ ಉಗ್ರಾಣಗಳಲ್ಲಿ ಕಾಫಿಯನ್ನು ಹರಡಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ಗಾಳಿಗೆ ಒಡ್ಡುವ ಪದ್ಧತಿ ಬಂತು. ಅದೇ 'ಮಾನ್ಸೂನ್ಡ್ ಮಲಬಾರ್'. ಸಮುದ್ರ ಮತ್ತು ಗಾಳಿಯ ಕೊಡುಕೊಳ್ಳುವಿಕೆಯನ್ನು ವಿಜ್ಞಾನಿಗಳು ಅಳೆಯುತ್ತಾರೆ, ನಮ್ಮವರು ಮೂಟೆ ಕಟ್ಟಿ ಮಾರುತ್ತಾರೆ.

ಸ್ವಾತಂತ್ರ್ಯಾನಂತರ ಹಡಗುಗಳ ಕಾಲ ಬಂತು. 1960ರ ಆಸುಪಾಸಿನಲ್ಲಿ ತೊಡಗಿ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯಲ್ಲಿ ಹಲವು ದೇಶಗಳ ಹಡಗುಗಳು ನಮ್ಮ ನೀರಿಗಿಳಿದವು. ಅದರ ಫಲವಾಗಿ 1966ರಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿ ಗೋವಾದಲ್ಲಿ ನೆಲೆಯಾಯಿತು. 1979ರಲ್ಲಿ ಮೊನೆಕ್ಸ್ ಎಂಬ ಮಾನ್ಸೂನ್ ಪ್ರಯೋಗ. 1999ರ ಜುಲೈ-ಆಗಸ್ಟಿನಲ್ಲಿ ಬಾಬ್‌ಮೆಕ್ಸ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎಸ್. ಭಟ್, ಸುಲೋಚನಾ ಗಾಡ್ಗೀಳ್ ಮೊದಲಾದವರು ಮುಂದೆ ನಿಂತು 'ಸಾಗರ ಕನ್ಯಾ', 'ಸಾಗರಧ್ವನಿ' ಹಡಗುಗಳನ್ನು ಬಂಗಾಳ ಕೊಲ್ಲಿಗೆ ಒಯ್ದ ಪ್ರಯೋಗವದು. ಆದರೆ ಹಡಗಿನ ಕಷ್ಟ ಹಡಗಿನವರಿಗೇ ಗೊತ್ತು. ದಿನವೊಂದಕ್ಕೆ ಲಕ್ಷಗಟ್ಟಲೆ ಖರ್ಚು. ಒಂದು ಸಮಯಕ್ಕೆ ಒಂದೇ ಜಾಗದಲ್ಲಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ಹೊತ್ತಿನಲ್ಲಿ ಸಮುದ್ರ ಆಕಾಶಕ್ಕೆ ಅತ್ಯಂತ ಹೆಚ್ಚು ಶಾಖ ಮತ್ತು ತೇವ ಕೊಡುತ್ತದೋ, ಅದೇ ಬಿರುಗಾಳಿಯ ಹೊತ್ತಿನಲ್ಲಿ ಬುದ್ಧಿ ಇರುವ ಕಪ್ತಾನ ಹಡಗನ್ನು ದೂರ ಒಯ್ಯುತ್ತಾನೆ. ಮದುವೆಗೆ ಹೋಗಿ ಊಟದ ಹೊತ್ತಿಗೆ ಎದ್ದುಬಂದಂತೆ.

ಈ ತೊಡಕು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಧ್ರುವ ಸಮುದ್ರಗಳಲ್ಲಿ. ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಮಹಾಸಾಗರದಲ್ಲಿ ಗಾಳಿಗೆ ಅಡ್ಡಬರುವ ನೆಲವೇ ಇಲ್ಲ. ಬೇಸಿಗೆಯಲ್ಲಿ ಹಡಗು ಹೋದೀತು. ಕತ್ತಲು ಕವಿದ ಚಳಿಗಾಲದಲ್ಲಿ ಯಾರು ಹೋಗುತ್ತಾರೆ? ಮನುಷ್ಯ ಸುಟ್ಟ ಕಲ್ಲಿದ್ದಲು, ಎಣ್ಣೆಯ ಹೊಗೆಯಿಂದ ಭೂಮಿಯಲ್ಲಿ ಸೇರಿಕೊಂಡ ಹೆಚ್ಚುವರಿ ಶಾಖದಲ್ಲಿ ಶೇಕಡ 90ಕ್ಕೂ ಹೆಚ್ಚು ಪಾಲನ್ನು ಸಾಗರಗಳು ನುಂಗಿವೆ. ಆ ಲೆಕ್ಕದಲ್ಲಿ ದಕ್ಷಿಣ ಮಹಾಸಾಗರದ ಪಾಲು ಬಹಳ ದೊಡ್ಡದು. ನಮ್ಮ ಪಡುವಣ ಗಾಳಿಯ ತವರು ಕೂಡ ಭೂಮಧ್ಯರೇಖೆಯ ಆಚೆಗೇ ಇದೆ: ಮಡಗಾಸ್ಕರಿನ ಆಗ್ನೇಯಕ್ಕಿರುವ ಮಸ್ಕರೇನ್ ಅಧಿಕ ಒತ್ತಡದ ಪ್ರದೇಶದಿಂದ ಹೊರಟು, ಆಫ್ರಿಕದ ಕರಾವಳಿಯನ್ನು ಸವರಿ, ಸೊಮಾಲಿಯದ ಬಳಿ ತಿರುಗಿ ನಮ್ಮತ್ತ ಬರುತ್ತದೆ. ಬಂಗಾಳ ಕೊಲ್ಲಿಯ ತಳದಲ್ಲಿರುವ ತಣ್ಣನೆಯ ನೀರು ಕೂಡ ಅಂಟಾರ್ಕ್ಟಿಕದ ಅಂಚಿನಲ್ಲಿ ಮುಳುಗಿ ಶತಮಾನಗಳ ಕಾಲ ತೆವಳಿ ಬಂದದ್ದು ಎಂದು ಓದಿದ ದಿನ ನಮಗೆ ರಾತ್ರಿ ನಿದ್ದೆ ಬರಲಿಲ್ಲ.

ಅಂಟಾರ್ಕ್ಟಿಕದ ಮಾತು ಬಂದಾಗ ಒಬ್ಬರನ್ನು ನೆನೆಯಲೇಬೇಕು. ಡಾ. ಸೈಯದ್ ಜಹೂರ್ ಕಾಸಿಂ. 1926ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿ, ಅಲ್ಲಿನ ಮಜೀದಿಯಾ ಇಸ್ಲಾಮಿಯಾ ಕಾಲೇಜು, ಆಮೇಲೆ ಅಲಿಘಡದಲ್ಲಿ ಓದಿದವರು. ಮೀನುಗಳನ್ನು ಅಭ್ಯಾಸ ಮಾಡಿದ ಪ್ರಾಣಿಶಾಸ್ತ್ರಜ್ಞ. ಗೋವಾದ ಸಾಗರ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದು, 1981ರಲ್ಲಿ ಹೊಸದಾಗಿ ತೆರೆದ ಸಾಗರಾಭಿವೃದ್ಧಿ ಇಲಾಖೆಯ ಕಾರ್ಯದರ್ಶಿಯಾದರು. ಅದೇ ಡಿಸೆಂಬರ್ 6ರಂದು ಬಾಡಿಗೆಗೆ ಪಡೆದ ನಾರ್ವೆಯ 'ಪೋಲಾರ್ ಸರ್ಕಲ್' ಹಡಗಿನಲ್ಲಿ 21 ಜನರ ತಂಡ ಕಟ್ಟಿಕೊಂಡು, ಹೆಚ್ಚು ಸದ್ದು ಮಾಡದೆ ಗೋವಾದಿಂದ ಹೊರಟರು. 1982ರ ಜನವರಿ 9ರಂದು ಅಂಟಾರ್ಕ್ಟಿಕದ ಮೇಲೆ ಭಾರತದ ಮೊದಲ ಶೋಧತಂಡ ಕಾಲಿಟ್ಟಿತು. ಮರಳುವ ಮುನ್ನ ಅವರು ಅಲ್ಲಿ ಜನರಿಲ್ಲದೆ ತಾನೇ ಅಳತೆ ತೆಗೆದುಕೊಳ್ಳುವ ಹವಾಮಾನ ಉಪಕರಣವೊಂದನ್ನು ನೆಟ್ಟು ಬಂದರು. ನಮ್ಮ ಉರ್ದು ಶಾಲೆಯ ಮಾಸ್ತರರು ಕರಿಹಲಗೆಯ ಕೆಳಅಂಚಿನಲ್ಲಿ ಬಿಳಿ ಸೀಮೆಸುಣ್ಣವನ್ನು ಅಡ್ಡಕ್ಕೆ ಉಜ್ಜಿ, 'ಇದು ಬರ್ಫಿನ ಮುಲ್ಕು, ಇಲ್ಲಿಗೆ ಹೋದವರು ಕಾಸಿಂ ಸಾಹೇಬರು' ಎಂದು ಹೇಳಿದ್ದು ನೆನಪಿದೆ. ಆಮೇಲೆ ಕನ್ನಡ ಶಾಲೆಗೆ ಸೇರಿದಾಗ ಆ ಹೆಸರು ಮತ್ತೆ ಕೇಳಲಿಲ್ಲ. ಕಾಸಿಂ ಮುಂದೆ ಜಾಮಿಯಾ ಮಿಲ್ಲಿಯಾದ ಕುಲಪತಿಗಳಾದರು, ಯೋಜನಾ ಆಯೋಗದ ಸದಸ್ಯರಾದರು, 2015ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮರುದಿನದ ಪತ್ರಿಕೆಗಳಲ್ಲಿ ನಾವು ಹುಡುಕಿ ಹುಡುಕಿ ಓದಬೇಕಾಯಿತು.

ಒಂಟಿ ಯಂತ್ರದ ಕನಸು ಬರಹದಲ್ಲಿ ಮೊದಲು ಮೂಡಿತು. ಕತೆ ಬರೆಯುವವರಾದ ನಮಗೆ ಇದು ಸಂತೋಷದ ವಿಷಯ. 1989ರಲ್ಲಿ ಅಮೆರಿಕದ ಸಾಗರ ವಿಜ್ಞಾನಿ ಹೆನ್ರಿ ಸ್ಟೊಮೆಲ್ ವಿಜ್ಞಾನ ಪತ್ರಿಕೆಯೊಂದರಲ್ಲಿ ಕತೆಯ ರೂಪದ ಲೇಖನ ಪ್ರಕಟಿಸಿದರು. ಭವಿಷ್ಯದಲ್ಲಿ ನಿಂತು ಹಿಂತಿರುಗಿ ನೋಡುವ ಕತೆ ಅದು: ಸಾವಿರ ಪುಟ್ಟ ಯಂತ್ರಗಳು ಸಾಗರಗಳ ಆಳದಲ್ಲಿ ಸುತ್ತುತ್ತ ದಡಕ್ಕೆ ಸುದ್ದಿ ಕಳಿಸುತ್ತಿವೆ. ಆ ಯಂತ್ರಕ್ಕೆ ಅವರಿಟ್ಟ ಹೆಸರು ಸ್ಲೋಕಮ್. 1895ರಿಂದ 1898ರವರೆಗೆ ಹಾಯಿದೋಣಿಯಲ್ಲಿ ಒಬ್ಬನೇ ಭೂಮಿಯನ್ನು ಸುತ್ತಿದ ಜೋಶುವಾ ಸ್ಲೋಕಮ್ ಎಂಬ ನಾವಿಕನ ಹೆಸರು. ಸ್ಟೊಮೆಲ್‌ರ ಗೆಳೆಯ ಡಗ್ ವೆಬ್ ಎಂಬ ಎಂಜಿನಿಯರ್ ಅಂಥ ಯಂತ್ರವನ್ನು ನಿಜಕ್ಕೂ ಕಟ್ಟಿದರು. 2009ರಲ್ಲಿ ಆ ಬಗೆಯ ಒಂದು ಗ್ಲೈಡರ್ 221 ದಿನ ಈಜಿ ಅಮೆರಿಕದಿಂದ ಸ್ಪೇನಿನ ಬಳಿಗೆ ತಲುಪಿತು.

ಈ ಗ್ಲೈಡರಿನ ಗುಟ್ಟು ಸರಳವಾಗಿದೆ. ಆಳೆತ್ತರದ, ಮೀನಿನಾಕಾರದ ಕೊಳವೆ. ಎರಡು ಪುಟ್ಟ ರೆಕ್ಕೆ, ಹಿಂದೊಂದು ಉದ್ದನೆಯ ಆಂಟೆನಾ. ತಳ್ಳುವ ಫ್ಯಾನ್ ಇಲ್ಲ, ಎಂಜಿನ್ ಇಲ್ಲ. ಹೊಟ್ಟೆಯೊಳಗೆ ಸ್ವಲ್ಪ ಎಣ್ಣೆ. ಆ ಎಣ್ಣೆಯನ್ನು ಹೊರಗಿನ ರಬ್ಬರಿನ ಚೀಲಕ್ಕೆ ತಳ್ಳಿದರೆ ಯಂತ್ರದ ತೂಕ ಅಷ್ಟೇ ಇದ್ದು ಗಾತ್ರ ಹಿಗ್ಗುತ್ತದೆ, ಮೇಲೇಳುತ್ತದೆ. ಎಣ್ಣೆಯನ್ನು ಒಳಗೆಳೆದುಕೊಂಡರೆ ಮುಳುಗುತ್ತದೆ. ಏಳುವಾಗ ಮುಳುಗುವಾಗ ರೆಕ್ಕೆಗಳು ಅದನ್ನು ಓರೆಯಾಗಿ ಮುಂದಕ್ಕೆ ಜಾರಿಸುತ್ತವೆ. ಒಳಗಿನ ಬ್ಯಾಟರಿಯನ್ನೇ ಅತ್ತಿತ್ತ ಸರಿಸಿ ತಲೆ ತಗ್ಗಿಸುವುದು, ಮಗ್ಗುಲು ತಿರುಗುವುದು. ವೇಗ ಕೇಳಿದರೆ ನಗು ಬರುತ್ತದೆ, ಸೆಕೆಂಡಿಗೆ ಕಾಲು ಮೀಟರ್. ನಮ್ಮ ತೋಟದ ಇಳಿಜಾರಿನಲ್ಲಿ ಮೂಟೆ ಹೊತ್ತವರು ಅದಕ್ಕಿಂತ ಬೇಗ ನಡೆಯುತ್ತಾರೆ. ಆದರೆ ಅದು 1000 ಮೀಟರ್ ಆಳಕ್ಕೆ ಹೋಗಿಬರುತ್ತ ಉಷ್ಣ, ಉಪ್ಪು, ಆಮ್ಲಜನಕ ಅಳೆದುಕೊಂಡು, ಮೇಲೆ ಬಂದಾಗ ಬಾಲವೆತ್ತಿ ಉಪಗ್ರಹಕ್ಕೆ ಫೋನ್ ಮಾಡುತ್ತದೆ. ತಿಂಗಳುಗಟ್ಟಲೆ ದಣಿಯುವುದಿಲ್ಲ.

ಇದರ ಸೋದರ ಸಂಬಂಧಿಗಳು ಹಲವು. ಗಾಳಿ ಒಯ್ದತ್ತ, ಅಲ್ಲ, ನೀರು ಒಯ್ದತ್ತ ಹೋಗುವ ಆರ್ಗೋ ತೇಲುಗಳು ಲೋಕದ ಸಾಗರಗಳಲ್ಲಿ ಸುಮಾರು 4000 ಇವೆ. ಭಾರತದ ಪಾಲಿನ ಆರ್ಗೋಗಳನ್ನು ಹೈದರಾಬಾದಿನ ಇನ್‌ಕೋಯಿಸ್ ನೋಡಿಕೊಳ್ಳುತ್ತದೆ. ನೀರಿನ ಮೇಲೆ ಹಲಗೆಯಂತೆ ತೇಲುತ್ತ, ಕೆಳಗೆ ಕೇಬಲ್ಲಿಗೆ ಕಟ್ಟಿದ ರೆಕ್ಕೆಗಳನ್ನು ಅಲೆಯ ಏರಿಳಿತದಿಂದಲೇ ಬಡಿದು ಮುಂದೆ ಸಾಗುವುದು ವೇವ್ ಗ್ಲೈಡರ್. ತಿಮಿಂಗಿಲಗಳ ಹಾಡು ಕೇಳಬೇಕೆಂಬ ಒಬ್ಬರ ಆಸೆಯಿಂದ ಹವಾಯಿಯಲ್ಲಿ ಹುಟ್ಟಿದ ಯಂತ್ರ ಅದು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2014ರ ಡಿಸೆಂಬರಿನಲ್ಲಿ ಅದನ್ನು ಅಂಟಾರ್ಕ್ಟಿಕದ ಅಂಚಿನಲ್ಲಿ ಇಳಿಸಿ, ದಕ್ಷಿಣ ಅಮೆರಿಕ ಮತ್ತು ಅಂಟಾರ್ಕ್ಟಿಕದ ನಡುವಿನ ಡ್ರೇಕ್ ಜಲಸಂಧಿಯಲ್ಲಿ 2015ರ ಮಾರ್ಚ್‌ವರೆಗೆ ಅಲೆದಾಡಿಸಿದರು. ಗಾಳಿಯ ಜೋರು, ಅಲೆಯ ಎತ್ತರ, ನೀರಿನ ಬಿಸಿ ಒಟ್ಟಿಗೇ ಸಿಕ್ಕವು. ಬೇಸಿಗೆ ಕಳೆದಂತೆ ಸೂರ್ಯ ತಗ್ಗಿದರೆ ಸೌರಫಲಕಕ್ಕೆ ಹಸಿವು ಎಂಬುದು ಧ್ರುವದ ಯಂತ್ರಗಳಿಗಿರುವ ದೊಡ್ಡ ಪೀಡೆ.

ಆದರೆ ನಮ್ಮ ಮನಸ್ಸನ್ನು ಸೆಳೆದದ್ದು ಸೇಲ್‌ಡ್ರೋನ್. ಇಬ್ನ್ ಮಾಜಿದ್ ನೋಡಿದ್ದರೆ ಕೂಡಲೇ ಗುರುತು ಹಿಡಿಯುತ್ತಿದ್ದ ಯಂತ್ರ ಅದು, ಯಾಕೆಂದರೆ ಅದು ಹಾಯಿದೋಣಿ. ಅಂಬಿಗ ಇಲ್ಲ ಅಷ್ಟೆ. 2019ರ ಜನವರಿ 19ರಂದು ನ್ಯೂಜಿಲೆಂಡಿನ ದಕ್ಷಿಣ ತುದಿಯ ಬ್ಲಫ್ ಎಂಬಲ್ಲಿಂದ ಹೊರಟ ಇಂಥ ದೋಣಿಯೊಂದು 196 ದಿನಗಳಲ್ಲಿ ಅಂಟಾರ್ಕ್ಟಿಕಕ್ಕೆ ಪೂರಾ ಪ್ರದಕ್ಷಿಣೆ ಹಾಕಿ ಆಗಸ್ಟ್ 3ರಂದು ಹೊರಟಲ್ಲಿಗೇ ಮರಳಿತು. 22,000 ಕಿಲೋಮೀಟರಿಗೂ ಹೆಚ್ಚಿನ ದಾರಿ. 15 ಮೀಟರಿನ ಅಲೆಗಳು, ಗಂಟೆಗೆ 130 ಕಿಲೋಮೀಟರಿನ ಗಾಳಿ, ಹಿಮಗಡ್ಡೆಗಳ ಢಿಕ್ಕಿ. ಎತ್ತರದ ಹಾಯಿ ಅಲ್ಲಿ ಮುರಿಯುತ್ತದೆಂದು ಈ ಯಾತ್ರೆಗಾಗಿ ಗಿಡ್ಡವಾದ, ಚೌಕಾಕಾರದ ಹಾಯಿಯನ್ನು ಮಾಡಿದ್ದರು. ಅದು ತಂದ ಸುದ್ದಿ ಹಿತವಾದುದಲ್ಲ. ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತದೆಂದು ನಂಬಿದ್ದ ಆ ಸಮುದ್ರ ಚಳಿಗಾಲದಲ್ಲಿ ಕೆಲವೆಡೆ ಅದನ್ನು ಹೊರಗೆ ಬಿಡುತ್ತಿತ್ತು. ಬೇಸಿಗೆಯಲ್ಲಷ್ಟೇ ಹೋಗುತ್ತಿದ್ದ ಹಡಗುಗಳಿಗೆ ಇದು ಕಾಣುವಂತಿರಲಿಲ್ಲ.

ಭಾರತವೂ ಧ್ರುವದ ನೀರಿಗೆ ಯಂತ್ರ ಇಳಿಸಿದೆ. ನಾರ್ವೆಯ ಸ್ವಾಲ್ಬಾರ್ಡಿನಲ್ಲಿ, ಉತ್ತರ ಧ್ರುವದಿಂದ ಸುಮಾರು 1200 ಕಿಲೋಮೀಟರ್ ದೂರದಲ್ಲಿ, 2008ರಲ್ಲಿ 'ಹಿಮಾದ್ರಿ' ಕೇಂದ್ರ ಶುರುವಾಯಿತು. 2014ರ ಜುಲೈ 23ರಂದು ಅಲ್ಲಿನ ಕಾಂಗ್ಸ್‌ಫ್ಯೋರ್ಡ್‌ನಲ್ಲಿ 192 ಮೀಟರ್ ಆಳದ ನೀರಿನಲ್ಲಿ 'ಇಂಡ್‌ಆರ್ಕ್' ಎಂಬ ವೀಕ್ಷಣಾಲಯವನ್ನು ಲಂಗರು ಹಾಕಿ ನಿಲ್ಲಿಸಿದರು. ಅದು ಈಜುವುದಿಲ್ಲ, ನಿಂತಲ್ಲೇ ವರ್ಷವಿಡೀ ಕೇಳಿಸಿಕೊಳ್ಳುತ್ತದೆ. ಮೇಲೆ ಮಂಜುಗಡ್ಡೆ ಮುಚ್ಚಿಕೊಂಡಾಗಲೂ.

ಇನ್ನು ನಮ್ಮದೇ ಕೊಲ್ಲಿಯ ಕತೆಗೆ ಬರೋಣ. 2016ರ ಜೂನ್ 24ರಂದು 'ಸಿಂಧು ಸಾಧನಾ' ಎಂಬ ಸಂಶೋಧನಾ ಹಡಗು ಚೆನ್ನೈಯಿಂದ ಹೊರಟಿತು. ಭಾರತ-ಬ್ರಿಟನ್ ಜಂಟಿಯಾಗಿ ಕೈಗೊಂಡ ಈ ಪ್ರಯೋಗದ ಹೆಸರು ಬಾಬಲ್. ಭಾರತದ ಕಡೆಯಿಂದ ಮುಂದಾಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್, ಆ ಕಡೆಯಿಂದ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಏಡ್ರಿಯನ್ ಮ್ಯಾಥ್ಯೂಸ್. ಹಡಗಿನಲ್ಲಿ ಐದು ಗ್ಲೈಡರುಗಳಿದ್ದವು. ಶ್ರೀಲಂಕಾದ ಪೂರ್ವಕ್ಕೆ, 8 ಡಿಗ್ರಿ ಉತ್ತರ ಅಕ್ಷಾಂಶದ ಗೆರೆಯುದ್ದಕ್ಕೂ ಅವುಗಳನ್ನು ಇಳಿಸಿದರು. ಹಡಗು ಸ್ವತಃ 89 ಡಿಗ್ರಿ ಪೂರ್ವ ರೇಖಾಂಶದಲ್ಲಿ ಹತ್ತು ದಿನ ಒಂದೇ ಕಡೆ ನಿಂತು ಅಳೆಯಿತು. ಬಲೂನುಗಳನ್ನು ಮೇಲಕ್ಕೆ ಬಿಟ್ಟರು, ತೇಲುಗಳನ್ನು ಕೆಳಗೆ ಬಿಟ್ಟರು.

ಅವರಿಗೆ ಬೇಕಾಗಿದ್ದುದು ಕೊಲ್ಲಿಯ ಮೇಲುಹೊದಿಕೆಯ ಗುಟ್ಟು. ಬಂಗಾಳ ಕೊಲ್ಲಿಯಲ್ಲಿ ಗಂಗೆ, ಬ್ರಹ್ಮಪುತ್ರ, ಐರಾವತಿ, ಮಹಾನದಿ, ಗೋದಾವರಿಗಳ ಸಿಹಿನೀರೂ ಮಳೆಯ ನೀರೂ ಉಪ್ಪುನೀರಿನ ಮೇಲೆ ಕೆನೆಯಂತೆ ನಿಲ್ಲುತ್ತದೆ. ಹಾಲಿನ ಮೇಲಿನ ಕೆನೆ ಹಾಲಿನ ಬಿಸಿಯನ್ನು ಹಿಡಿದಿಡುವಂತೆ ಇದೂ. ಮೇಲಿನ ಹಗುರ ನೀರು ಕೆಳಗಿನ ತಣ್ಣೀರಿನೊಡನೆ ಬೆರೆಯದೆ ಬಿಸಿಲಿಗೆ ಬೇಗ ಕಾಯುತ್ತದೆ. ಕಾದ ನೀರಿನ ಮೇಲೆ ಮೋಡ ಕಟ್ಟುತ್ತದೆ. ಆದರೆ ನೈಋತ್ಯದಿಂದ ಮಾನ್ಸೂನ್ ಪ್ರವಾಹವೆಂಬ ಸಮುದ್ರದೊಳಗಿನ ಹೊಳೆ ಅರಬ್ಬಿ ಸಮುದ್ರದ ಉಪ್ಪಾದ, ಭಾರವಾದ ನೀರನ್ನು ತಂದು ಕೊಲ್ಲಿಯ ಕೆಳಪದರಕ್ಕೆ ತುರುಕುತ್ತದೆ. ಎರಡು ಸಮುದ್ರಗಳ ಈ ಜಗಳ, ಅಥವಾ ಸಂಸಾರ ಎನ್ನಿ, ಮುಂದಿನ ವಾರದ ಮಳೆಯನ್ನು ನಿರ್ಧರಿಸುವುದರಲ್ಲಿ ಪಾಲು ಪಡೆಯುತ್ತದೆ. ಬಾಬಲ್‌ನವರು ಹೋದಾಗ ಕೊಲ್ಲಿಯ ಆ ಭಾಗದಲ್ಲಿ ಮಳೆ ಬಿಡುವು ಪಡೆದಿತ್ತು. ಅದು ಒಳ್ಳೆಯದೇ ಆಯಿತು. ಬಿಡುವಿನ ದಿನಗಳಲ್ಲಿ ನೀರಿನ ಮೇಲ್ಪದರ ಹೇಗೆ ದಿನದಿನಕ್ಕೆ ಕಾಯುತ್ತದೆ, ಅದರ ಮೇಲಿನ ಗಾಳಿ ಹೇಗೆ ಮುಂದಿನ ಮಳೆಗೆ ಹದವಾಗುತ್ತದೆ ಎಂಬುದು ಅವರಿಗೆ ಸಿಕ್ಕಿತು. 2018ರಲ್ಲಿ ಅದರ ಫಲಿತಗಳು ಪ್ರಕಟವಾದವು. ನಮ್ಮಲ್ಲಿ ಪುನರ್ವಸು ಮಳೆ ನಿಂತು ಪುಷ್ಯ ಹಿಡಿಯುವ ಮೊದಲು ನಾಲ್ಕು ದಿನ ಬಿಸಿಲು ಬೀಳುವುದುಂಟು. ಹಿರಿಯರು ಆ ಬಿಸಿಲನ್ನು ನಂಬುತ್ತಿರಲಿಲ್ಲ. ನಂಬದಿದ್ದುದಕ್ಕೆ ಅವರಲ್ಲಿ ಕಾರಣವಿರಲಿಲ್ಲ, ಅನುಭವವಿತ್ತು.

ಅದೇ 2016ರ ಮುಂಗಾರಿನಲ್ಲಿ ಇನ್‌ಕಂಪಾಸ್ ಎಂಬ ಇನ್ನೊಂದು ಜಂಟಿ ಪ್ರಯೋಗದಲ್ಲಿ ಬ್ರಿಟನ್ನಿನ ಸಂಶೋಧನಾ ವಿಮಾನ ಲಕ್ನೋ ಮತ್ತು ಬೆಂಗಳೂರಿನಿಂದ ಹಾರಿತು. ಅದರ ಕೆಲವು ಹಾರಾಟಗಳು ಪಶ್ಚಿಮ ಘಟ್ಟವನ್ನು ದಾಟಿ ಅರಬ್ಬಿ ಸಮುದ್ರದ ಮೇಲೆ ಹೋಗಿಬಂದವು. ನಮ್ಮ ಊರಿನ ಮೇಲೇ ಹಾರಿತೆಂದು ಜಂಬ ಕೊಚ್ಚುವುದಿಲ್ಲ. ಹಾರಿದ್ದರೂ ಆ ಮೋಡದಲ್ಲಿ ಯಾರಿಗೆ ಕಾಣುತ್ತಿತ್ತು!

ಈ ಯಂತ್ರಗಳಿಂದ ಕಾಫಿ ಬೆಳೆಯುವವರಿಗೆ ಏನು? ಬಹಳವೇ ಇದೆ. ಫೆಬ್ರವರಿ-ಮಾರ್ಚಿನ ಹೂಮಳೆ ಒಂದು ಇಂಚು ಬಿದ್ದರೆ ಗಿಡವೆಲ್ಲ ಮಲ್ಲಿಗೆಯಂತೆ ಅರಳುತ್ತದೆ. ಅರ್ಧ ಇಂಚಿಗೆ ನಿಂತರೆ ಮೊಗ್ಗು ಅರೆಬಿರಿದು ಕಂದುತ್ತದೆ, ವರ್ಷದ ಫಸಲು ಹೋಯಿತು. ಹೂಮಳೆಯ ಬೆನ್ನಿಗೆ ಬರಬೇಕಾದ ಎರಡನೇ ಮಳೆಯನ್ನು ಬೆಳೆಗಾರರು 'ಬ್ಯಾಕಿಂಗ್' ಎನ್ನುತ್ತಾರೆ. ಡಿಸೆಂಬರಿನಲ್ಲಿ ಹಣ್ಣು ಕಣದಲ್ಲಿ ಒಣಗುವಾಗ ಮತ್ತೆ ಅದೇ ವಾಯುಭಾರ ಕುಸಿತ, ರಾತ್ರೋರಾತ್ರಿ ಟಾರ್ಪಾಲು ಎಳೆದಾಟ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಪ್ರಯೋಗ ಕೇಂದ್ರ ತಳಿ, ರೋಗ, ಗೊಬ್ಬರಗಳ ಬಗ್ಗೆ ಬೆಳೆಗಾರರಿಗೆ ದಾರಿ ತೋರಿಸಿದೆ. ಮಳೆಯ ದಿನ ಹೇಳುವ ಕೆಲಸ ಮಾತ್ರ ಸಮುದ್ರದ ಕೈಯಲ್ಲೇ ಉಳಿದಿದೆ.

ಆದರೆ ಫಸಲಿಗಿಂತ ದೊಡ್ಡ ಮಾತೊಂದಿದೆ. 2019ರ ಆಗಸ್ಟ್ 9ರ ಸುಮಾರಿಗೆ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ, ಗದ್ದೆ, ತೋಟಗಳು ಮಣ್ಣುಪಾಲಾದವು. ನಾವು ನೋಡಲು ಹೋದಾಗ ಅಡಿಕೆ ಮರಗಳು ಬೇರು ಮೇಲಾಗಿ ನಿಂತಿದ್ದವು. ಒಂದು ಮನೆಯ ಗೋಡೆಯಲ್ಲಿ ಗಡಿಯಾರ ಹಾಗೇ ಇತ್ತು, ಮನೆ ಇರಲಿಲ್ಲ. ಹಿಂದಿನ ವರ್ಷ ಕೊಡಗು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ. ಅಲ್ಲಿ ಹೋದವರಲ್ಲಿ ನಮ್ಮ ಲೈನ್ ಮನೆಗಳಂಥ ಪಾಡಿಗಳಲ್ಲಿ ಮಲಗಿದ್ದ ತೋಟದ ಕೂಲಿಗಳೂ ಇದ್ದರು. ಮಳೆ ಬರುತ್ತದೆಂಬ ಮುನ್ಸೂಚನೆ ಇಂಥ ಕಡೆ ಸಾಲುವುದಿಲ್ಲ. ಎಷ್ಟು, ಯಾವ ಗುಡ್ಡದ ಮೇಲೆ, ಯಾವ ಹೊತ್ತಿಗೆ ಎಂಬುದು ಬೇಕು. ಮೊದಲ ಪ್ರಶ್ನೆಗೆ ಕೊಲ್ಲಿಯ ಈಜುಯಂತ್ರ ಸ್ವಲ್ಪಮಟ್ಟಿಗೆ ಉತ್ತರಿಸಬಲ್ಲದು. ಎರಡನೆಯದಕ್ಕೆ ಗುಡ್ಡದ ಮೇಲೆಯೇ ಅಳತೆ ಇರಬೇಕು. ವಯನಾಡಿನ ಕಲ್ಪೆಟ್ಟದ ಹ್ಯೂಮ್ ಸೆಂಟರಿನವರು ಜಿಲ್ಲೆಯ ಉದ್ದಗಲಕ್ಕೂ ಮಳೆಮಾಪಕಗಳನ್ನು ಹಂಚಿ ಲೆಕ್ಕ ಕೂಡಿಸುತ್ತ ಬಂದವರು. ಮುನ್ನಾದಿನವೇ ಅವರು ಆ ಅಳತೆಗಳನ್ನು ನೋಡಿ ಎಚ್ಚರಿಸಿದ್ದರು.

ಇಲ್ಲಿ ನಮ್ಮ ತಕರಾರು ಇದೆ. ನಮ್ಮ ಗುಡ್ಡಗಳಲ್ಲಿ ಮಳೆಪುಸ್ತಕಗಳಿಗೆ ಬರವಿಲ್ಲ. ಹಳೆಯ ತೋಟಗಳಲ್ಲಿ ಎರಡು ಮೂರು ತಲೆಮಾರಿನ ಲೆಕ್ಕ ಇದೆ. ಅಂಟಾರ್ಕ್ಟಿಕದಲ್ಲಿ ಒಂಟಿ ದೋಣಿ ಆರು ತಿಂಗಳು ಬರೆದದ್ದನ್ನು ಲೋಕದ ಯಾವ ವಿದ್ಯಾರ್ಥಿ ಬೇಕಾದರೂ ತೆರೆದು ನೋಡಬಹುದು. ನಮ್ಮ ರೈಟರುಗಳು ವರ್ಷಗಟ್ಟಲೆ ಬರೆದದ್ದು ಬಂಗಲೆಯ ಕಪಾಟಿನಲ್ಲಿ ಗೆದ್ದಲಿಗೆ ಹೋಗುತ್ತಿದೆ. ಯಾರೂ ಬಚ್ಚಿಟ್ಟಿಲ್ಲ, ಯಾರೂ ಕೇಳಿಲ್ಲ. ಮೂಡಿಗೆರೆಯಲ್ಲಿ ಬದುಕಿ ಕಾಡು ಮಳೆಗಳನ್ನು ಕನ್ನಡದಲ್ಲಿ ಬರೆದ ತೇಜಸ್ವಿಯವರು 2007ರಲ್ಲಿ ಹೋದರು. ಅವರಿದ್ದಿದ್ದರೆ ಈ ಪುಸ್ತಕಗಳನ್ನು ಹುಡುಕಿಕೊಂಡು ಜೀಪಿನಲ್ಲಿ ತೋಟ ತೋಟ ಸುತ್ತುತ್ತಿದ್ದರೇನೋ.

ಮುನ್ಸೂಚನೆ ಯಾರಿಗೆ ತಲುಪುತ್ತದೆ ಎಂಬುದೂ ಬಿಡಿಸಿಕೊಳ್ಳಬೇಕಾದ ಗಂಟು. ಈಗ ಮೊಬೈಲಿನಲ್ಲಿ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣದ ಎಚ್ಚರಿಕೆ ಬರುತ್ತದೆ. ಲೈನ್ ಮನೆಗಳಲ್ಲಿ ಈಗ ಇರುವವರಲ್ಲಿ ಹಲವರು ಅಸ್ಸಾಮಿನಿಂದ, ಬಂಗಾಳದಿಂದ ಬಂದವರು. ಕಳೆದ ಮಳೆಗಾಲದಲ್ಲಿ ಕಳಸದ ದಾರಿಯಲ್ಲಿ ಟೀ ಅಂಗಡಿಯೊಂದರಲ್ಲಿ ನಿಂತಿದ್ದಾಗ ಅಂಥ ಹುಡುಗನೊಬ್ಬ ತನ್ನ ಫೋನಿಗೆ ಬಂದ ಸಂದೇಶವನ್ನು ನಮ್ಮ ಮುಂದೆ ಹಿಡಿದು ಅದರಲ್ಲೇನಿದೆ ಎಂದು ಕೇಳಿದ. ಕನ್ನಡದಲ್ಲಿತ್ತು. ನಾವು ಹಿಂದಿ-ಉರ್ದು ಬೆರೆಸಿ ಓದಿ ಹೇಳಿದೆವು: ನಾಳೆ ನಾಡಿದ್ದು ಭಾರೀ ಮಳೆ, ಗುಡ್ಡದ ಬುಡದಲ್ಲಿ ಮಲಗಬೇಡಿ, ಖಲೀಜ್-ಎ-ಬಂಗಾಲ್‌ನಲ್ಲಿ ವಾಯುಭಾರ ಕುಸಿದಿದೆ. ಅವನು ನಕ್ಕು, ತನ್ನ ಊರು ಆ ಕೊಲ್ಲಿಯ ದಡದಲ್ಲೇ ಇದೆ ಎಂದ. ಆಮೇಲೆ, ಇಲ್ಲಿ ಗುಡ್ಡದ ಬುಡ ಅಲ್ಲದ ಜಾಗ ಯಾವುದು ಎಂದು ಕೇಳಿದ. ಅಂಗಡಿಯವರು, ನಾವು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೊರಗೆ ಮಳೆ ಆಗಲೇ ಹಿಡಿದಿತ್ತು.